ಸೀಮೆಸುಣ್ಣದಲ್ಲಿ ಬರೆದ ಬಚ್ಚಲು

ನನ್ನ ತಂಗಿ ಟೈಲರ್. ಬೀದಿಯವರು ಅವಳಿಗಿಟ್ಟ ಹೆಸರು ಟೇಪಮ್ಮ. ಮಾತಾಡಿಸಲು ಬಂದವರ ಮುಖ ನೋಡುವ ಮೊದಲು ಭುಜ ಅಳೆಯುವ ಕಣ್ಣು ಅವಳದು.

ನಲವತ್ತು ಮನೆಯವರು ಸೇರಿ ಒಟ್ಟಿಗೆ ಮನೆ ಕಟ್ಟಿಸಿಕೊಳ್ಳಲು ಹೊರಟಾಗ ಇಂಜಿನಿಯರ್ ಕಟ್ಟಲಿರುವ ಮನೆಯ ಚಿತ್ರ, ಅಳತೆಗಳಿದ್ದ ಪುಸ್ತಕವನ್ನು ಮನೆಗೊಂದರಂತೆ ಹಂಚಿದ. "ಭಾನುವಾರದೊಳಗೆ ಓದಿ, ತಪ್ಪಿದ್ರೆ ಹೇಳಿ. ಆಮೇಲೆ ನಕ್ಷೆಗೆ ಸಹಿ ಬೀಳುತ್ತೆ" ಎಂದ. ಎಲ್ಲರೂ ನೇರವಾಗಿ ಕೊನೆಯ ಪುಟಕ್ಕೆ ಹಾರಿ, ಹೂಕುಂಡ ಇಟ್ಟ ಮಹಡಿ ನೋಡಿ ಬಾಯಿ ಚಪ್ಪರಿಸಿದರು. ನಾನೂ ಅಷ್ಟೇ. ಯಾರ ಕೈಕೆಳಗೂ ಕಲಿಯದೆ ಬಡಗಿಯಾದವನು ನಾನು. ಬಾಗಿಲಿನ ವಿಷಯಕ್ಕೆ ನನಗೆ ಪುಸ್ತಕ ಬೇರೆ ಬೇಕೆ?

ತಂಗಿ ಮಾತ್ರ ಮೂರು ದಿನ ಬಚ್ಚಲಿನ ಪುಟವೊಂದನ್ನೇ ಹಿಡಿದು ಕೂತಳು. ನಮ್ಮ ಅಕ್ಕ ಗಾಲಿಕುರ್ಚಿಯಲ್ಲಿ ಓಡಾಡುವವಳು. ಬಾಡಿಗೆ ಮನೆಯಲ್ಲಿ ಅವಳನ್ನು ಸ್ನಾನಕ್ಕೆ ಎತ್ತಿಕೊಂಡೇ ಹೋಗಬೇಕಿತ್ತು. ಅದು ಅವಳಿಗೆ ಹೇಳತೀರದ ಸಂಕೋಚ. ಹೊಸ ಮನೆಯಲ್ಲಾದರೂ ತಾನೇ ಹೋಗಿ ಬರಬೇಕೆಂಬುದೊಂದೇ ಅವಳ ಆಸೆ.

ಭಾನುವಾರದ ಸಭೆಗೆ ಅಕ್ಕನನ್ನೂ ಕರೆದುಕೊಂಡು ಹೋದೆವು. ತಂಗಿ ಎದ್ದಳು. "ಈ ಚಿತ್ರದಲ್ಲಿರೋ ಗಾಲಿಕುರ್ಚಿಯವನು ಕೈಕಟ್ಟಿಕೊಂಡು ಕೂತಿದ್ದಾನಲ್ಲ, ಚಕ್ರ ಯಾರಪ್ಪ ತಿರುಗಿಸೋರು? ತಿರುಗಿಸೋ ಕೈಗೆ ಬಾಗಿಲಲ್ಲಿ ಜಾಗ ಎಲ್ಲಿ?"

ಇಂಜಿನಿಯರ್ ನಕ್ಕ. "ಬಾಗಿಲು ಮೂವತ್ತಿಂಚು ಇದೆ ಅಮ್ಮಾ, ಕುರ್ಚಿ ಇಪ್ಪತ್ತಾರು. ಇದು ಮನೆ, ಅಂಗಿ ಅಲ್ಲ."

"ಅಂಗಿಯಾದ್ರೆ ಬಿಚ್ಚಿ ಹೊಲಿದುಕೊಡ್ತೀನಿ ಮಗಾ. ನೀನು ಗೋಡೆ ಬಿಚ್ಚಿಕೊಡ್ತೀಯಾ?" ಅವಳು ನನ್ನತ್ತ ತಿರುಗಿದಳು. "ಮೂವತ್ತು ಬರೆದಿರೋದು ಗೋಡೆಯ ಕಂಡಿಗೆ. ಚೌಕಟ್ಟು ಎಷ್ಟು ನುಂಗುತ್ತೆ, ಹೇಳಣ್ಣಾ."

ನಾನು ಬೆರಳಲ್ಲಿ ಅಳೆದು ತೋರಿಸಿದೆ. "ಆ ಕಡೆ ಎರಡೂವರೆ, ಈ ಕಡೆ ಎರಡೂವರೆ."

ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ನೆಲದ ಮೇಲೆ ಬಚ್ಚಲು ಬರೆದಳು. ಅಭ್ಯಾಸಬಲ, ಸುತ್ತಲೂ ಹೊಲಿಗೆಗೆಂದು ಧಾರಾಳವಾಗಿ ಜಾಗ ಬಿಟ್ಟಳು.

"ಇದೇನೇ, ಬಚ್ಚಲೋ ಆಟದ ಮೈದಾನವೋ?" ಎಂದಳು ಅಕ್ಕ.

ತಂಗಿ ಅಳಿಸಿ ಮತ್ತೆ ಬರೆದಳು. ಬಾಗಿಲಿನ ಜಾಗದಲ್ಲಿ ಎರಡು ಬೆಂಚು ನಿಲ್ಲಿಸಿ, ನಡುವೆ ಇಪ್ಪತ್ತೈದಿಂಚು ಬಿಟ್ಟಳು. ಅಕ್ಕ ಜೋರಾಗಿ ಕುರ್ಚಿ ನೂಕಿಕೊಂಡು ಬಂದವಳು ನಡುವೆಯೇ ಸಿಕ್ಕಿಕೊಂಡಳು.

"ಮೊದಲು ನನ್ನ ಬಿಡಿಸ್ರೋ, ಆಮೇಲೆ ಜಗಳ ಆಡಿ!"

ಇಂಜಿನಿಯರ್ ಈ ಸಲ ನಗಲಿಲ್ಲ. ನಕ್ಷೆಯಲ್ಲಿ ಮೂವತ್ತು ಹೊಡೆದುಹಾಕಿ ಮೂವತ್ತಾರು ಬರೆದ.

ಚೌಕಟ್ಟು ಮಾಡಿದ್ದು ನಾನೇ. ಮುಗಿಯುವವರೆಗೂ ತಂಗಿ ಟೇಪು ಹಿಡಿದು ಬೆನ್ನಹಿಂದೆ ನಿಂತಿದ್ದಳು. ಈಗ ಅಕ್ಕ ಬೆಳಿಗ್ಗೆ ಬಚ್ಚಲು ಹೊಕ್ಕು ಬಾಗಿಲು ಹಾಕಿಕೊಂಡರೆ ಒಂದು ಗಂಟೆ ಹೊರಬರುವುದಿಲ್ಲ. ನಾವಿಬ್ಬರೂ ಟವೆಲ್ ಹೆಗಲಿಗೆ ಹಾಕಿಕೊಂಡು ಸಾಲಾಗಿ ಕಾಯುತ್ತೇವೆ. ಬಾಗಿಲು ತಟ್ಟಿದರೆ ಒಳಗಿನ ಹಾಡು ಇನ್ನಷ್ಟು ಜೋರಾಗುತ್ತದೆ.