ಉಧ್ನಾದಲ್ಲಿ ಅಳಿಸಿದ ಲೈಬ್ರರಿ

2003ರ ಜೂನ್‌ನಲ್ಲಿ ಸೂರತ್‌ನ ಉಧ್ನಾದಲ್ಲಿದ್ದ ನಮ್ಮ ಉಪಕಚೇರಿಯ ಕಂಪ್ಯೂಟರ್, ತಾಪಿ ಕಣಿವೆಯ ಹೊಸ ಉಪಗ್ರಹ ಚಿತ್ರದ ಕಡತವನ್ನು ತೆರೆಯಲಿಲ್ಲ. ಆಗ ನಾನು ಅಹಮದಾಬಾದಿನ ಸಂಶೋಧನಾ ಕೇಂದ್ರವೊಂದರಲ್ಲಿ ಹಿರಿಯ ಸಿಸ್ಟಮ್ ಎಂಜಿನಿಯರ್.

ಇಂಥ ಕಡತ ಓದಲು ಒಂದು ಸಾಫ್ಟ್‌ವೇರ್ ಲೈಬ್ರರಿ, ಅಂದರೆ ಪ್ರೋಗ್ರಾಂ ಬಳಸುವ ಸಿದ್ಧ ಕೋಡಿನ ಗಂಟು, ಬೇಕು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆಯ ಲಿನಕ್ಸ್ ಯಂತ್ರಗಳಲ್ಲಿ ಅದನ್ನು ನಾನೇ ಹೋಗಿ ಮೂಲ ಕೋಡ್‌ನಿಂದ ಕಂಪೈಲ್ ಮಾಡಿ ಕೈಯಾರೆ ಕೂರಿಸುತ್ತಿದ್ದೆ. ವಡೋದರಾದ ಫತೇಗಂಜ್‌ನ ವಿದ್ಯಾರ್ಥಿಗಳು ನನ್ನ ದಾರಿ ಕಾಯುತ್ತಿದ್ದರು. ಆ ವರ್ಷ ಕೆಲಸಕ್ಕೆ ಸೇರಿದ ಧಾರವಾಡದ ಶೈಲಜಾ, ಲೈಬ್ರರಿಯ ಹೊಸ ಆವೃತ್ತಿಯನ್ನು ಆರ್‌ಪಿಎಂ ಪ್ಯಾಕೇಜ್ ಮಾಡಿದರು. ಅಂದರೆ, ಒಂದೇ ಆದೇಶಕ್ಕೆ ಎಲ್ಲವೂ ತಂತಮ್ಮ ಜಾಗದಲ್ಲಿ ಕೂರುವ ಕಟ್ಟು. ವಡೋದರಾದವರು ತಮ್ಮ ಹೊಸ ಯಂತ್ರಕ್ಕೆ ಸಿ.ಡಿ. ಹಾಕಿ ತಾವೇ ಕೂರಿಸಿಕೊಂಡರು. ಫೋನ್ ಮಾಡಿ ಶೈಲಜಾರನ್ನು ಹೊಗಳಿದರು. ಪಕ್ಕದ ಮೇಜಿನಲ್ಲಿದ್ದ ನನಗೆ ಹೊಟ್ಟೆ ಉರಿಯಿತು.

ಸೂರತ್‌ನಲ್ಲೂ ನಡೆದರೆ ಮೂರೂ ಊರಿನ ಯಂತ್ರಗಳ ಹೊಣೆ ಶೈಲಜಾಗೆ ಎಂದು ನಿರ್ದೇಶಕರು ಹೇಳಿದ್ದರು. ಅಲ್ಲಿ ಪ್ಯಾಕೇಜ್ ಕೂರಿಸಿದ ಮೇಲೂ ಕಡತ ತೆರೆಯಲಿಲ್ಲ ಎಂಬ ಸುದ್ದಿ ಬಂದ ದಿನ ನಾನು ಎಲ್ಲರಿಗೂ ಚಹಾ ತರಿಸಿದೆ.

"ಸರ್, ಸೂರತ್‌ನ್ಯಾಗ ಫೈಲ್ ತೆರೀವಲ್ದು," ಎಂದರು ಶೈಲಜಾ.

"ನಿಮ್ಮ ಪ್ಯಾಕೇಜನ್ನೇ ಕೇಳಿ."

"ಕೇಳೀನ್ರಿ. ಅದು ನಿಮ್ಮ ಕಡೇನ ಬಟ್ಟು ಮಾಡಿ ತೋರಸ್ತದ."

ಕಡತ ತೆರೆಯುವ ಪ್ರೋಗ್ರಾಂ ಯಾವ ಲೈಬ್ರರಿಯನ್ನು ಎತ್ತಿಕೊಳ್ಳುತ್ತಿದೆ ಎಂದು ತಿಳಿಸುವ ಆದೇಶವೊಂದಿದೆ. ಅದನ್ನು ಅವರು ಫೋನಿನಲ್ಲೇ ಸೂರತ್‌ನವರಿಂದ ಕೊಡಿಸಿ ನೋಡಿದ್ದರು. ಪ್ರೋಗ್ರಾಂ ಎತ್ತಿಕೊಳ್ಳುತ್ತಿದ್ದದ್ದು ಬೇರೆ ಡೈರೆಕ್ಟರಿಯಲ್ಲಿ ನಾನು ಕೂರಿಸಿದ್ದ, ಹೊಸ ಕಡತ ಓದಲಾರದ ಹಳೆಯ ಲೈಬ್ರರಿಯನ್ನು. ಮೊದಲು ಅಲ್ಲೇ ಹುಡುಕು ಎಂದು ಯಂತ್ರಕ್ಕೆ ಹೇಳಿಟ್ಟವನೂ ನಾನೇ. ಪ್ಯಾಕೇಜ್ ತಾನು ಇಟ್ಟದ್ದನ್ನಷ್ಟೇ ಬಲ್ಲದು. ಕೈಯಿಂದ ಕೂರಿಸಿದ್ದನ್ನು ಅದು ಮುಟ್ಟುವುದಿಲ್ಲ.

ಸೂರತ್‌ನವರಿಗೆ ಪ್ಯಾಕೇಜ್ ಕೂರಿಸಲಷ್ಟೇ ಅನುಮತಿ ಇತ್ತು; ಬೇರೆ ಏನನ್ನಾದರೂ ಅಳಿಸಲು ಬೇಕಾದ ರೂಟ್ ಪಾಸ್‌ವರ್ಡ್ ನನ್ನ ಬಳಿಯೇ ಇತ್ತು. ಅದನ್ನು ಕೊಟ್ಟಿದ್ದರೆ ಶೈಲಜಾ ಫೋನಿನಲ್ಲೇ ಹೇಳಿ ಹಳೆಯದನ್ನು ತೆಗೆಸುತ್ತಿದ್ದರು. ನನ್ನ ಕೆಲಸವನ್ನು ಅವರ ಮಾತಿನಿಂದ ಅಳಿಸುವುದು ನನಗೆ ಬೇಡವಾಗಿತ್ತು. ಮರುದಿನ ಬೆಳಗಿನ ರೈಲು ಹಿಡಿದು ನಾನೇ ಹೋದೆ. ಅಲ್ಲಿನ ಆಪರೇಟರ್ ಹಸ್ಮುಖ್‌ಭಾಯಿ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ನನ್ನ ಡೈರೆಕ್ಟರಿ ಪೂರ್ತಿ ಖಾಲಿಯಾದಾಗ, "ಸಾಹೇಬ್, ಅಬ್ ಆಪ್ ಕಾ ಆನಾ ಬಂದ್?" ಎಂದು, ಇನ್ನು ನಾನು ಬರುವುದು ನಿಂತಿತೇ ಎಂದು ಕೇಳಿ ನಕ್ಕರು.

ಪ್ರೋಗ್ರಾಂ ಮತ್ತೆ ಓಡಿಸಿದೆ. ತಾಪಿ ನದಿ ಪರದೆಯ ಮೇಲೆ ಮೂಡಿತು. ಹಸ್ಮುಖ್‌ಭಾಯಿ ರಿಸೀವರ್ ಎತ್ತಿ, "ಶೈಲಜಾಬೆನ್, ಆಪ್ ಕಾ ಪ್ಯಾಕೇಜ್ ಚಲ್ ಗಯಾ!" ಎಂದು, ಪ್ಯಾಕೇಜ್ ಕೆಲಸ ಮಾಡಿತೆಂದು ಕೂಗಿದರು.

ಜುಲೈನಲ್ಲಿ ಹೊಣೆ ಶೈಲಜಾಗೆ ಹೋಯಿತು. ನಾನು ನಿವೃತ್ತನಾದಾಗಲೂ ಅದು ಅವರ ಬಳಿಯೇ ಇತ್ತು.