ದೊಡ್ಡಮ್ಮ ಕಂಡುಹಿಡಿದ ವಿದ್ಯೆ

ಹಿಂದೂಪುರದಲ್ಲಿ ನನ್ನದೊಂದು ಮಗ್ಗಂ ವರ್ಕ್ ಅಂಗಡಿ, ರವಿಕೆಗಳಿಗೆ ಕಸೂತಿ ಹಾಕುವುದು. ಮದುವೆ ಹೆಣ್ಣೊಬ್ಬಳು ಬಂದು, ರವಿಕೆಗೆ ಇದೇ ಬಳ್ಳಿ ಬೇಕೆಂದು ಫೋನಿನಲ್ಲಿ ಇಟಲಿಯ ಹಳೇ ಕಸೂತಿ ಪುಸ್ತಕದ ಹಾಳೆ ತೋರಿಸಿದಳು. ದೊಡ್ಡದು ಮಾಡಿ ನೋಡಿದರೆ ಗೆರೆಯುದ್ದಕ್ಕೂ ಸೂಜಿ ಚುಚ್ಚಿದ ಗುರುತು! ಐನೂರು ವರ್ಷದ ಹಿಂದೆ ಅಲ್ಲಿಯ ಹೆಂಗಸರು ಹಾಳೆಯನ್ನೇ ಚುಚ್ಚಿ, ಮೇಲೆ ಇದ್ದಿಲ ಪುಡಿ ಉಜ್ಜಿ, ಬಟ್ಟೆಗೆ ಚಿತ್ರ ಇಳಿಸುತ್ತಿದ್ದರಂತೆ.

ಕಲ್ಯಾಣದುರ್ಗದ ದೊಡ್ಡಮ್ಮ ನನಗೆ ಕಲಿಸಿದ್ದೂ ಅದನ್ನೇ. ಅದು ತಾನೇ ಕಂಡುಹಿಡಿದ ವಿದ್ಯೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದವಳು ಅವಳು. ಹೇಳದೆ ಇರಲಾಗದೆ, ಭಾನುವಾರ ಬಸ್ಸು ಹತ್ತಿ ಹೋಗಿ ಅವಳ ಮುಂದೆ ಫೋನು ಹಿಡಿದೆ.

ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಪರ್ವಾಲೇದು, ಸುಮಾರಾಗಿ ಮಾಡವ್ರೆ," ಅಂದಳು. "ಆದ್ರೆ ಎಷ್ಟು ದೂರ ದೂರ ಚುಚ್ಚವ್ರೆ ನೋಡು. ಹಿಂಗಾದ್ರೆ ತಿರುವಿನಾಗೆ ಗೆರೆ ತಪ್ಪೋಯ್ತದೆ. ಸುರು ಮಾಡಿದ್ದು ಅವ್ರೇ ಇರ್ಬೋದು ಕಣಮ್ಮ, ಸರಿ ಮಾಡಿದ್ದು ನಾನು. ಬಟರ್ ಪೇಪರ್ ಕೊಡು ಇಲ್ಲಿ, ಈ ಬಳ್ಳೀನ ನಾನೇ ಚುಚ್ಚಿಕೊಡ್ತೀನಿ!"

ಮದುವೆಯಲ್ಲಿ ಎಲ್ಲರೂ ಇಟಲಿ ಡಿಸೈನ್ ಎಂದು ರವಿಕೆಯನ್ನು ಹೊಗಳಿದರು. ಒಬ್ಬರನ್ನೂ ಬಿಡದೆ ತಿದ್ದಿದೆ: ಚುಚ್ಚಿದ್ದು ಕಲ್ಯಾಣದುರ್ಗದಲ್ಲಿ.