ಚಳಿಗಾಲಕ್ಕೆ ಕಾದಿಟ್ಟ ಡ್ರಮ್ಮು

ಕೊಲ್ಲಿ ದೇಶದ ಅಬು ಹಲೀಫಾದಲ್ಲಿ ನಮ್ಮ ಕೆಳಗಿನ ಮನೆಯ ಮೈಸೂರು ಇಂಜಿನಿಯರರು ಇಂಗ್ಲೆಂಡಿನಲ್ಲಿ ಆರೇ ತಿಂಗಳು ಇದ್ದು ಬಂದವರು. ಮದ್ಯ ನಿಷೇಧದ ದೇಶದಲ್ಲಿ, ಬಚ್ಚಲಿನ ನೀಲಿ ಡ್ರಮ್ಮಿನಲ್ಲಿ ಇಂಗ್ಲೆಂಡಿನ ಚಳಿಗಾಲದ ಕಪ್ಪು ಬಿಯರ್ ಹುದುಗಿಸುತ್ತಿದ್ದರು. ಬೆರಳದ್ದಿ ನೆಕ್ಕಿ, ಕಣ್ಣು ಮುಚ್ಚಿ, "ಡಿಸೆಂಬರ್‌ವರೆಗೂ ಕಾಯ್ಬೇಕು ಕಣ್ರೀ. ನಿಮ್ಮಂಥ ವೆಲ್ಡರ್‌ಗಳಿಗೆ ಈ ರುಚಿ ತಿಳಿಯೋಲ್ಲ" ಎನ್ನುತ್ತಿದ್ದರು.

ಆಗಸ್ಟಿನಲ್ಲಿ ಇರಾಕಿ ಸೈನ್ಯ ಬಂತು. ನಲ್ಲಿಯ ನೀರು ಸಣ್ಣಗಾಯಿತು.

"ಸಾರ್, ಬಿಲ್ಡಿಂಗಿನ ಮಕ್ಕಳಿಗೆ ನೀರು ತುಂಬಿಸಿಡ್ಬೇಕು. ಡ್ರಮ್ ಕೊಡಿ ಮಾರಾಯ್ರೆ" ಎಂದೆ.

"ಅಲುಗಾಡಿಸಿದ್ರೆ ಕೆಟ್ಟೋಗತ್ತೆ!" ಎಂದು ಬಚ್ಚಲ ಬಾಗಿಲಿಗೆ ಅಡ್ಡ ನಿಂತರು.

ಊರಿಗೆ ಹೊರಟವರನ್ನು ಗಡಿ ದಾಟಿಸುವ ಮೊದಲ ಬಸ್ಸಿಗೆ ಮೊದಲು ಹತ್ತಿದವರೂ ಅವರೇ. ಕಿಟಕಿಯಿಂದ ಮನೆಯ ಕೀಲಿ ನನ್ನ ಕೈಗಿಟ್ಟು, "ಡಿಸೆಂಬರ್‌ವರೆಗೂ ನೋಡ್ಕೊಳ್ಳಿ" ಎಂದರು.

ಬಸ್ಸು ತಿರುವು ದಾಟಿದ ಕೂಡಲೇ ಅಷ್ಟನ್ನೂ ಮೋರಿಗೆ ಸುರಿದು, ಡ್ರಮ್ಮು ತಿಕ್ಕಿ, ನೀರು ತುಂಬಿಸಿದೆ. ಎರಡು ವಾರ ಇಡೀ ಬಿಲ್ಡಿಂಗಿನ ಚಹಾ ಬಿಯರಿನ ಮಾಲ್ಟ್ ನಾರಿತು. ಇಂಗ್ಲೆಂಡಿನ ರುಚಿ ನನಗೆ ತಿಳಿದದ್ದು ಅಷ್ಟೇ.